ಊರಿಗೆ ಬಂದವರ ಬ್ಯಾಗಿನಲ್ಲಿ ವೇಪ್: ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ನನ್ನ ಮೈದುನ ಪುಣೆಯಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಯುಗಾದಿಗೆ ಬಂದಾಗ ಪೆನ್ನಿನಂಥ ವಸ್ತುವೊಂದನ್ನು ದಿಂಬಿನ ಬಳಿ ಚಾರ್ಜಿಗೆ ಹಾಕಿದ್ದ. ಕೇಳಿದರೆ ವೇಪ್ ಎಂದ. "ಇದರಾಗ ಬರೇ ಉಗಿ ಅದ ವೈನಿ, ಹೊಗಿ ಇಲ್ಲ" ಅನ್ನುತ್ತಾನೆ. ಅದಕ್ಕೆ ತುಂಬಿಸುವ, ಮಾವಿನಹಣ್ಣಿನ ವಾಸನೆಯ ಸಣ್ಣ ಬಾಟಲಿಯೂ ಅವನ ಬ್ಯಾಗಿನಲ್ಲಿದೆ. ನಮ್ಮ ಮನೆಯಲ್ಲಿ ಎರಡು ವರ್ಷದ ಮಗುವಿದೆ. ಅವನು ಊರಿಗೆ ಬಂದಾಗ ಇದನ್ನೆಲ್ಲ ಎಲ್ಲಿ ಇಡಿಸಬೇಕು? ಬಸ್ಸಿನಲ್ಲಿ ತರುವುದರಿಂದ ಏನಾದರೂ ತೊಂದರೆ ಇದೆಯೇ?
— ಗೃಹಿಣಿ, ಆಳಂದ

ಉತ್ತರ: ಎರಡು ವರ್ಷದ ಮಗುವಿರುವ ಮನೆಯಲ್ಲಿ ಆ ಬಾಟಲಿಗೆ ಸುರಕ್ಷಿತ ಜಾಗವೇ ಇಲ್ಲ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ, ಲೆಕ್ಕ ನೋಡಿ. ಒಂದು ಸಿಗರೇಟು ಸೇದಿದಾಗ ದೇಹಕ್ಕೆ ಸೇರುವ ನಿಕೋಟಿನ್ ಸುಮಾರು 1ರಿಂದ 1.5 ಮಿಲಿಗ್ರಾಂ. ಬಾಟಲಿಯ ಮೇಲೆ 50 ಎಂಜಿ ಎಂದು ಬರೆದಿದ್ದರೆ, ಅದರ ಪ್ರತಿ ಒಂದು ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ನಿಕೋಟಿನ್ ಇದೆ ಎಂದರ್ಥ. ಒಂದು ಟೀ ಚಮಚದಲ್ಲಿ 250 ಮಿಲಿಗ್ರಾಂ ಆಯಿತು. ನಿಮ್ಮ ಮಗುವಿನ ತೂಕ ಹನ್ನೊಂದೋ ಹನ್ನೆರಡೋ ಕಿಲೋ ಇರಬಹುದು. ಅಷ್ಟು ಸಣ್ಣ ದೇಹಕ್ಕೆ ಒಂದು ಗುಟುಕೂ ಬೇಕಾಗಿಲ್ಲ, ಕೆಲವು ಹನಿಗಳೇ ಸಾಕು ವಾಂತಿ ಶುರುವಾಗಲು. ಅಮೆರಿಕದಲ್ಲಿ 2014ರ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ವರ್ಷದ ಮಗು ಇಂಥ ದ್ರವ ಕುಡಿದು ತೀರಿಕೊಂಡಿತು. ಮಕ್ಕಳಿಗೆ ತೆರೆಯಲು ಬಾರದ ಮುಚ್ಚಳ ಇರಲೇಬೇಕೆಂದು ಆ ದೇಶ 2016ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ ಸಿಗುವುದೆಲ್ಲ ಕಳ್ಳ ದಾರಿಯಲ್ಲಿ ಬಂದ ಮಾಲು. ಅದರ ಮುಚ್ಚಳವನ್ನಾಗಲಿ, ಚೀಟಿಯ ಮೇಲಿನ ಅಂಕಿಯನ್ನಾಗಲಿ ನಂಬುವಂತಿಲ್ಲ.

ನಮ್ಮ ಮನೆಗಳ ರೂಢಿಯನ್ನೇ ನೋಡಿ. ದೂರದ ಊರಿನಿಂದ ಬಂದವರು ಬ್ಯಾಗನ್ನು ಪಡಸಾಲೆಯ ನೆಲದ ಮೇಲೆ ಇಟ್ಟು ಕಾಲು ತೊಳೆಯಲು ಹೋಗುತ್ತಾರೆ. ಅಷ್ಟರಲ್ಲಿ ಮಕ್ಕಳು "ಕಾಕಾ ಏನ್ ತಂದಾನ" ಎಂದು ಜಿಪ್ ಎಳೆದಿರುತ್ತವೆ. ಒಳಗೆ ಮಾವಿನಹಣ್ಣಿನ ವಾಸನೆ, ಬಣ್ಣದ ಚಿತ್ರ, ಬೆರಳುದ್ದದ ಬಾಟಲಿ. ಮಗು ಅದನ್ನು ಬಾಯಿಗೇ ಇಡುತ್ತದೆ. ಬಾಟಲಿ ಇಲ್ಲದಿದ್ದರೂ ಯಂತ್ರದ ತುದಿಯಲ್ಲಿ ಸಿಕ್ಕಿಸುವ ಪಾಡ್‌ನಲ್ಲೇ 2 ಮಿಲಿಯಷ್ಟು ದ್ರವ ಇರಬಹುದು. ಖಾಲಿಯಾಯಿತೆಂದು ಎಸೆದ ಪಾಡ್‌ನಲ್ಲೂ ಹನಿ ಉಳಿದಿರುತ್ತದೆ.

ಹೀಗೇನಾದರೂ ಆದರೆ ಮಗು ಮೊದಲು ಜೊಲ್ಲು ಸುರಿಸುತ್ತದೆ, ವಾಂತಿ ಮಾಡುತ್ತದೆ, ಮುಖ ಬಿಳಿಚಿಕೊಂಡು ಮೈ ಬೆವರುತ್ತದೆ, ಕೈಕಾಲು ನಡುಗುತ್ತವೆ. ಅದು ತೀವ್ರವಾದರೆ ಫಿಟ್ಸ್ ಬರಬಹುದು, ಉಸಿರಾಟವೇ ಸೋಲಬಹುದು. ಲಕ್ಷಣ ಕಾಣಲಿ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಬಾಯಿ ಒರೆಸಿ, 108ಕ್ಕೆ ಫೋನ್ ಮಾಡಿ. ಇಲ್ಲವೇ ಸಿಕ್ಕ ವಾಹನದಲ್ಲಿ ಆಳಂದದ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಬಾಟಲಿಯನ್ನು ಜೊತೆಗೆ ಒಯ್ಯಿರಿ, ಅದರ ಮೇಲಿನ ಬರಹ ವೈದ್ಯರಿಗೆ ಬೇಕು. ಈ ದ್ರವ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಆದ್ದರಿಂದ ಮೈಮೇಲೆ ಚೆಲ್ಲಿದ್ದರೆ ಬಟ್ಟೆ ತೆಗೆದು ಸೋಪು ನೀರಿನಿಂದ ತೊಳೆಯಿರಿ, ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ನೀರು ಹಾಯಿಸಿ. ನಾಚಿಕೆಯಿಂದ ಆಸ್ಪತ್ರೆಯಲ್ಲಿ "ಏನೋ ತಿಂದಿದೆ" ಎಂದಷ್ಟೇ ಹೇಳುವ ಮನೆಯವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಏನು ಕುಡಿದಿದೆ ಎಂದು ಮೊದಲ ಮಾತಿನಲ್ಲೇ ಹೇಳಿಬಿಟ್ಟರೆ ಆ ಮಗುವಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಬಸ್ಸಿನ ವಿಷಯ. ಕರ್ನಾಟಕ ಸರ್ಕಾರ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತು. 2019ರ ಸೆಪ್ಟೆಂಬರ್ 18ರಿಂದ ಇಡೀ ದೇಶಕ್ಕೇ ನಿಷೇಧ ಬಂತು, ಅದೇ ವರ್ಷ ಸಂಸತ್ತಿನ ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ದಾಸ್ತಾನಿಗೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಯಾವ ರೂಪದಲ್ಲಿ, ಎಷ್ಟೇ ಇಟ್ಟುಕೊಂಡರೂ ಕಾಯ್ದೆಯ ಉಲ್ಲಂಘನೆಯೇ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಮೈದುನ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯಿಂದ ಬಂದರೂ, ಉಮರ್ಗಾ ಕಡೆಯಿಂದ ಬಂದರೂ ಗಡಿಯ ಎರಡೂ ಬದಿಗೆ ಇದೇ ಕಾನೂನು.

ಹಬ್ಬದ ಮನೆಯಲ್ಲಿ ಜಗಳ ಬೇಡ ಎಂಬ ನಿಮ್ಮ ಸಂಕಟ ನನಗೆ ಗೊತ್ತಾಗುತ್ತದೆ. ಮಗುವಿನ ಮಾತು ಎತ್ತಿ ಹೇಳಿ, ಕೇಳಿಯಾನು. ವೇಪ್ ಮನೆಯಿಂದ ಹೊರಹೋಗುವ ತನಕ, ಆ ಒಂದು ದಿನದ ಮಟ್ಟಿಗೆ, ಯಂತ್ರವನ್ನು ಆಫ್ ಮಾಡಿ, ಪಾಡ್ ಬೇರ್ಪಡಿಸಿ, ಬಾಟಲಿಯ ಮುಚ್ಚಳ ಬಿಗಿದು ಬೀಗವಿರುವ ಅಲಮಾರಿಯ ಮೇಲಿನ ಖಾನೆಯಲ್ಲಿ ಇಡಲಿ. ಗೂಟಕ್ಕೆ ತೂಗುಹಾಕಿದ ಅಂಗಿಯ ಜೇಬು, ದಿಂಬಿನ ಅಡಿ, ಕಿಟಕಿಯ ಕಟ್ಟೆ ಇವು ಯಾವುದೂ ಬೇಡ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಸಿಗೆಯಲ್ಲಿ ಚಾರ್ಜ್ ಮಾಡುವುದಂತೂ ಬೇಡವೇ ಬೇಡ. "ಬರೇ ಉಗಿ" ಎಂಬ ಅವನ ಮಾತಿಗೂ ಉತ್ತರವಿದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು, 2020ರ ಫೆಬ್ರುವರಿ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು. ಅವರಲ್ಲಿ ಸತ್ತವರು 68. ಹೆಚ್ಚಿನವರು ಸೇದಿದ್ದು ಗಾಂಜಾದ ಸಾರ ಬೆರೆಸಿದ, ಬೀದಿಯಲ್ಲಿ ಕೊಂಡ ದ್ರವ. ಅದರಲ್ಲಿ ಕಲಬೆರಕೆಯಾಗಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ಪದಾರ್ಥವೇ ಮುಖ್ಯ ಕಾರಣ ಎಂದು ಕಂಡುಬಂತು. ಬಾಟಲಿಯೊಳಗೆ ಏನಿದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಪ್ರಶ್ನೆ: ನಾನು ಕ್ರೂಸರ್ ಚಾಲಕ. ಗಾಣಗಾಪುರ, ಘತ್ತರಗಿಗೆ ಯಾತ್ರಿಕರನ್ನು ಕರೆದೊಯ್ಯುತ್ತೇನೆ. ಹದಿನೈದು ವರ್ಷದಿಂದ ಬೀಡಿ, ನಡುವೆ ಗುಟಖಾ. ಬೀಡಿ ಬಿಡಲು ಗೆಳೆಯನೊಬ್ಬ ಹೈದರಾಬಾದಿನಿಂದ ವೇಪ್ ಮತ್ತು ಎರಡು ಬಿಡಿ ಬ್ಯಾಟರಿ ತಂದುಕೊಟ್ಟ. ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಇಡುತ್ತೇನೆ. ಬ್ಯಾಟರಿಗಳು ಪ್ಯಾಂಟಿನ ಜೇಬಿನಲ್ಲಿ. ಮೊನ್ನೆ ಒಂದು ಬ್ಯಾಟರಿ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಇದು ಸಿಡಿಯುತ್ತದೆಯೇ?
— ಅಫಜಲಪುರ ತಾಲ್ಲೂಕು

ಉತ್ತರ: ಸಿಡಿಯಬಹುದು. ಆ ಬ್ಯಾಟರಿಗಳನ್ನು ಈ ಕ್ಷಣವೇ ಜೇಬಿನಿಂದ ತೆಗೆಯಿರಿ. ಮುಂದಿನ ಮಾತು ಆಮೇಲೆ ಓದಿದರೂ ನಡೆಯುತ್ತದೆ.

ಬೆರಳಿಗಿಂತ ದಪ್ಪನೆಯ ಆ ಲಿಥಿಯಂ ಬ್ಯಾಟರಿಯ ಮೈಯೆಲ್ಲ ಲೋಹ. ಹೊರಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಬಹಳ ತೆಳು. ಅದು ಎಲ್ಲಾದರೂ ಹರಿದಿದ್ದು, ಜೇಬಿನಲ್ಲಿರುವ ಗಾಡಿಯ ಕೀಲಿಯೋ ಐದು ರೂಪಾಯಿಯ ನಾಣ್ಯವೋ ಎರಡು ತುದಿಗಳಿಗೆ ತಾಗಿದರೆ ಸಾಕು, ಶಾರ್ಟ್ ಆಗಿ ಕ್ಷಣದಲ್ಲಿ ಕಾದು ಬೆಂಕಿ ಉಗುಳುತ್ತದೆ. ಸುಡುವುದು ತೊಡೆ, ತೊಡೆಯ ಸಂದು, ಜನನಾಂಗ. ಜ್ವಾಲೆಯ ಜೊತೆ ಬ್ಯಾಟರಿಯ ಒಳಗಿನ ರಾಸಾಯನಿಕವೂ ಸೇರುವುದರಿಂದ ಗಾಯ ಆಳಕ್ಕೆ ಇಳಿಯುತ್ತದೆ. ಎಷ್ಟೋ ಸಲ ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಬೇಕಾಗುತ್ತದೆ. 2019ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಬಾಯಿಗಿಟ್ಟಿದ್ದ ವೇಪ್ ಸಿಡಿದು, ಕತ್ತಿನ ರಕ್ತನಾಳ ಹರಿದು ಯುವಕನೊಬ್ಬ ಸತ್ತ. ಅಂಥದ್ದು ಅಪರೂಪ. ಆದರೆ ನಮ್ಮ ಬಿಸಿಲು ಅಪರೂಪವಲ್ಲ. ಏಪ್ರಿಲ್-ಮೇನಲ್ಲಿ ಕಲಬುರಗಿ ಸೀಮೆಯ ಉಷ್ಣತೆ 42, 43 ಡಿಗ್ರಿ ಮುಟ್ಟುತ್ತದೆ. ಗಾಣಗಾಪುರದ ಸಂಗಮದ ಬಳಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯೊಳಗೆ 60 ದಾಟುವುದು ಕಷ್ಟವೇನಲ್ಲ, ಡ್ಯಾಶ್‌ಬೋರ್ಡ್ ಇನ್ನೂ ಹೆಚ್ಚು ಕಾಯುತ್ತದೆ. ಲಿಥಿಯಂ ಬ್ಯಾಟರಿಯನ್ನು ಇಡಬಾರದ ಜಾಗ ಯಾವುದು ಎಂದು ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ. ನಿಮ್ಮ ಹಿಂದಿನ ಸೀಟುಗಳಲ್ಲಿ ಹತ್ತು ಜನ ಕೂತಿರುತ್ತಾರೆ ಎಂಬುದು ನೆನಪಿರಲಿ.

ಉಬ್ಬಿದ, ತಾನಾಗಿಯೇ ಬಿಸಿಯಾಗುವ, ಹಾಳೆ ಹರಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಎರಡು ತುದಿಗಳಿಗೂ ಇನ್ಸುಲೇಷನ್ ಟೇಪ್ ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆರಳಿನಲ್ಲಿ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ. ತಿಪ್ಪೆಗೆ ಎಸೆದರೆ ಕಸಕ್ಕೆ ಬೆಂಕಿ ಹಚ್ಚಿದಾಗ ಸಿಡಿಯುತ್ತದೆ. ಭೀಮಾ ನದಿಗೆ ಎಸೆಯುವುದೂ ತಪ್ಪು. ಗಾಡಿಯಲ್ಲೇ ಹೊಗೆ ಕಂಡರೆ ಬದಿಗೆ ನಿಲ್ಲಿಸಿ, ಮೊದಲು ಜನರನ್ನು ಇಳಿಸಿ. ಆ ಹೊಗೆ ವಿಷ, ಮುಖ ಹತ್ತಿರ ಒಯ್ಯಬೇಡಿ. ದೂರದಿಂದಲೇ ಧಾರಾಳವಾಗಿ ನೀರು ಸುರಿಯಿರಿ. ಮೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಟೂತ್‌ಪೇಸ್ಟ್, ಅರಿಶಿನ, ಶಾಯಿ ಯಾವುದನ್ನೂ ಹಚ್ಚಬೇಡಿ. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ, ಆಸ್ಪತ್ರೆಗೆ ಹೋಗಿ.

ಈಗ ನಿಮ್ಮ ಪತ್ರದ ಮುಖ್ಯ ಮಾತಿಗೆ ಬರುತ್ತೇನೆ. ಬೀಡಿ ಬಿಡಬೇಕು ಎಂದು ಬರೆದಿದ್ದೀರಿ. ಅದನ್ನು ಓದಿ ನನಗೆ ತುಂಬ ಸಂತೋಷವಾಯಿತು. ವೇಪ್‌ನಿಂದ ಸಿಗರೇಟು ಬಿಟ್ಟವರು ಇಲ್ಲವೆಂದಲ್ಲ. ಬ್ರಿಟನ್‌ನಲ್ಲಿ 886 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೇಪ್ ಪಡೆದವರಲ್ಲಿ ನೂರಕ್ಕೆ 18 ಮಂದಿ ಒಂದು ವರ್ಷದ ನಂತರವೂ ಸಿಗರೇಟಿನಿಂದ ದೂರವಿದ್ದರು. ನಿಕೋಟಿನ್ ಚೂಯಿಂಗ್ ಗಮ್, ಪಟ್ಟಿ ಇತ್ಯಾದಿ ಪಡೆದವರಲ್ಲಿ ಅಂಥವರು 10 ಮಂದಿ. ಆದರೆ ವೇಪ್‌ನಿಂದ ಹಾಗೆ ಬಿಟ್ಟ ಪ್ರತಿ ಹತ್ತು ಜನರಲ್ಲಿ ಎಂಟು ಮಂದಿ ವರ್ಷದ ಕೊನೆಗೂ ವೇಪ್ ಸೇದುತ್ತಲೇ ಇದ್ದರು. ಅಲ್ಲಿ ಅದಕ್ಕೆ ಕಾನೂನಿನ ಮಿತಿ ಇದೆ, ತಪಾಸಣೆ ಇದೆ, ಪ್ರತಿ ವಾರ ಮಾತಾಡಿಸುವ ಸಲಹೆಗಾರರಿದ್ದರು. ನಿಮ್ಮ ಕೈಗೆ ಬಂದದ್ದು ಯಾರು, ಎಲ್ಲಿ ಮಾಡಿದ್ದೆಂದು ತಿಳಿಯದ ವಸ್ತು. ಅದರ ಜೊತೆ ಬೀಡಿಯೂ ನಡೆದರೆ ದೇಹಕ್ಕೆ ಎರಡು ಚಟ.

ಜೇಬಿನಲ್ಲಿ ನಿರ್ಭಯವಾಗಿ ಇಟ್ಟುಕೊಂಡು ಓಡಾಡಬಹುದಾದದ್ದು ಬೇರೆ ಇದೆ. 2 ಮಿಲಿಗ್ರಾಂನ ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ 4 ಮಿಲಿಗ್ರಾಂನದು ಬೇಕಾಗಬಹುದು, ಅದನ್ನು ವೈದ್ಯರು ಬರೆದುಕೊಡಬೇಕು. ಇದನ್ನು ಬಬಲ್ ಗಮ್‌ನಂತೆ ಜಗಿಯುತ್ತ ಹೋದರೆ ಬಿಕ್ಕಳಿಕೆ, ಹೊಟ್ಟೆನೋವು ಬಂದು "ಇದು ನನಗೆ ಆಗಲ್ಲ" ಎಂದು ಬಿಟ್ಟುಬಿಡುತ್ತೀರಿ. ನಾಲ್ಕಾರು ಸಲ ನಿಧಾನವಾಗಿ ಜಗಿಯಿರಿ. ನಾಲಿಗೆಗೆ ಖಾರ ತಾಗಿದ ಕೂಡಲೇ ನಿಲ್ಲಿಸಿ, ಗುಟಖಾ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲೇ ಕೆನ್ನೆ ಮತ್ತು ಒಸಡಿನ ನಡುವೆ ಇಡಿ. ಖಾರ ಇಳಿದ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಚಹಾ ಕುಡಿದ ಹದಿನೈದು ನಿಮಿಷದೊಳಗೆ ಹಾಕಿಕೊಂಡರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ಗುಟಖಾ ಅಂದಿರಿ. ಕನ್ನಡಿಯ ಮುಂದೆ ನಿಂತು ಬಾಯಿ ತೆರೆಯಿರಿ. ನಿಮ್ಮದೇ ಮೂರು ಬೆರಳುಗಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ, ಖಾರದ ಪಲ್ಯ ತಿಂದರೆ ಬಾಯಿ ಉರಿಯುತ್ತಿದ್ದರೆ, ಬಾಯಿಯ ಒಳಪದರ ಬಿಗಿಯುತ್ತಿರುವ ಕಾಯಿಲೆ ಇರಬಹುದು. ಕ್ಯಾನ್ಸರಿನ ದಾರಿಯಲ್ಲಿ ಅದೊಂದು ಮೆಟ್ಟಿಲು. ಕರ್ನಾಟಕದಲ್ಲಿ ಗುಟಖಾ 2013ರಿಂದ ನಿಷಿದ್ಧ. ಆದರೆ ಪಾನ್ ಮಸಾಲಾ ಒಂದು ಚೀಟು, ಜರ್ದಾ ಇನ್ನೊಂದು ಚೀಟು ಎಂದು ಬಸ್ ನಿಲ್ದಾಣದಲ್ಲೇ ಸಿಗುತ್ತಿದೆ, ಇದನ್ನು ನೋಡಿ ಸಂಕಟವಾಗುತ್ತದೆ. ಬಾಯಿ ಬಿಗಿದಿದ್ದರೆ ಗಮ್ ಜಗಿಯಲು ಬಾರದು, ಆಗ ಚರ್ಮಕ್ಕೆ ಅಂಟಿಸುವ ಪಟ್ಟಿ ಒಳ್ಳೆಯದು. ಬೆವರಿಗೆ ಅದು ಕಿತ್ತುಬರುತ್ತದೆ, ಸ್ನಾನದ ನಂತರ ತೋಳನ್ನು ಚೆನ್ನಾಗಿ ಒರೆಸಿ ಅಂಟಿಸಿ. ಬಳಸಿದ ಪಟ್ಟಿಯಲ್ಲೂ ನಿಕೋಟಿನ್ ಉಳಿದಿರುವುದರಿಂದ ಅಂಟು ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ. ಗಮ್ಮಿಗೂ ಇದೇ ಮಾತು. ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕಾಣಿ.

ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ. ದುಡ್ಡು ಹತ್ತುವುದಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಮಾತಾಡುತ್ತಾರೆ. ಬೀಡಿ ಬೇಕೆನಿಸುವ ತವಕ ಕೆಲವೇ ನಿಮಿಷಗಳದ್ದು. ಪ್ರಯಾಣಿಕರು ದರ್ಶನಕ್ಕೆ ಹೋದಾಗ ಸುಮ್ಮನೆ ಕೂರುವ ಹೊತ್ತೇ ನಿಮಗೆ ಕಷ್ಟದ್ದು ಎಂದುಕೊಳ್ಳುತ್ತೇನೆ. ಆ ಹೊತ್ತಿಗೆ ಗಮ್ ಕೈಗೆ ಸಿಗುವಂತಿರಲಿ, ಗಾಡಿಯಿಂದ ಇಳಿದು ನಡೆದಾಡಿ.

ಪ್ರಶ್ನೆ: ದುಬೈಯಲ್ಲಿರುವ ಅಣ್ಣ ರಜೆಗೆ ಬರುವಾಗ ನನಗೆ ವೇಪ್ ತರುತ್ತೇನೆ ಅನ್ನುತ್ತಾನೆ. ಅಲ್ಲಿ ಅದು ಕಾನೂನಿನ ಪ್ರಕಾರವೇ ಸಿಗುತ್ತದಂತೆ. ದೊಡ್ಡ ಬ್ಯಾಗಿನಲ್ಲಿ ಹಾಕಬೇಕೋ, ಕೈಚೀಲದಲ್ಲೋ?
— ಜೇವರ್ಗಿ

ಉತ್ತರ: ಎರಡರಲ್ಲೂ ಬೇಡ. ಅಲ್ಲಿ 2019ರಿಂದ ಮಾರಾಟಕ್ಕೆ ಅನುಮತಿ ಇದೆ, ನಿಜ. ಆದರೆ ಹೈದರಾಬಾದಿನಲ್ಲಿ ಇಳಿದ ಕೂಡಲೇ ಭಾರತದ ಕಾನೂನು. ಸ್ವಂತ ಬಳಕೆಗೆ ಒಂದೇ ಒಂದು ತಂದರೂ ಅದು ನಿಷಿದ್ಧ ಆಮದು. ಅನುಮತಿ ಇರುವ ದೇಶಗಳ ನಡುವಿನ ವಿಮಾನಗಳಲ್ಲೂ ಅದನ್ನು ಕೆಳಗಿನ ಸರಕಿನ ಭಾಗಕ್ಕೆ ಹಾಕುವಂತಿಲ್ಲ, ವಿಮಾನದೊಳಗೆ ಚಾರ್ಜ್ ಮಾಡುವಂತಿಲ್ಲ. ಸರಕಿನ ಭಾಗದಲ್ಲಿ ಬ್ಯಾಟರಿ ಹೊತ್ತಿದರೆ ಆರಿಸಲು ಯಾರೂ ಇರುವುದಿಲ್ಲವೆಂದು 2015ರಿಂದ ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ಅಣ್ಣನಿಗೆ ಖರ್ಜೂರ ತರಲು ಹೇಳಿ.

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಬೀಡಿ ಸೇದಿ ದಮ್ಮು ಹತ್ತಿದೆ. ಡಾಕ್ಟರು ಪಂಪ್ ಕೊಟ್ಟಿದ್ದಾರೆ. ಬಸ್ಸಿನಲ್ಲಿ ಪಂಪ್ ತೆಗೆದಾಗ ಹುಡುಗರು ವೇಪ್ ಎಂದು ನಕ್ಕರಂತೆ. ಈಗ ಊರು ಬಿಟ್ಟು ಹೋಗುವಾಗ ಪಂಪ್ ಒಯ್ಯುವುದನ್ನೇ ನಿಲ್ಲಿಸಿದ್ದಾರೆ. ಎರಡೂ ಒಂದೇ, ಚಟ ಆಗುತ್ತದೆ ಎಂದು ಅವರೂ ನಂಬಿದ್ದಾರೆ.
— ಜೇವರ್ಗಿ ತಾಲ್ಲೂಕು

ಉತ್ತರ: ಈ ವಾರ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ಪತ್ರ. ದಯವಿಟ್ಟು ಇಂದೇ ಅವರ ಬಳಿ ಕುಳಿತು ಇದನ್ನು ಓದಿ ಹೇಳಿ.

ಪಂಪಿನಲ್ಲಿ ನಿಕೋಟಿನ್ ಇಲ್ಲ. ಸಾಮಾನ್ಯವಾಗಿ ಕೊಡುವ ಸಾಲ್ಬುಟಮಾಲ್ ಪಂಪ್ ಒಂದು ಒತ್ತಿಗೆ ಬಿಡುವುದು 100 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ. ಅದು ನೇರ ಶ್ವಾಸನಾಳಕ್ಕೆ ಹೋಗಿ ಬಿಗಿತ ಸಡಿಲಿಸುತ್ತದೆ. ದಿನವೂ ಬೇಕಾಗುವುದು ಚಟದಿಂದಲ್ಲ, ಕಾಯಿಲೆ ದಿನವೂ ಇರುವುದರಿಂದ. ಇದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು, ಬಸ್ಸಿಗೂ ವಿಮಾನಕ್ಕೂ. ವೈದ್ಯರ ಚೀಟಿಯ ಜೆರಾಕ್ಸ್ ಒಂದನ್ನು ಜೊತೆಗಿಟ್ಟರೆ ಯಾರು ಕೇಳಿದರೂ ತೋರಿಸಬಹುದು. ದಮ್ಮು ಹೆಚ್ಚುವುದು ದಾರಿಯ ಧೂಳಿನಲ್ಲಿ, ತೊಗರಿ ರಾಶಿಯ ಹೊಟ್ಟಿನಲ್ಲಿ, ಜಾತ್ರೆಯ ನೂಕಾಟದಲ್ಲಿ. ಅಲ್ಲೇ ಪಂಪ್ ಇಲ್ಲದಿದ್ದರೆ ಕಲಬುರಗಿ ತಲುಪುವವರೆಗೆ ಉಸಿರು ಕಾಯುವುದಿಲ್ಲ.

ಒಯ್ಯುವ ರೀತಿ ಹೀಗೆ. ಅಂಗಿಯ ಜೇಬು ಅಥವಾ ಹೆಗಲ ಚೀಲದಲ್ಲಿ ಮುಚ್ಚಳ ಹಾಕಿಯೇ ಇರಲಿ. ಮುಚ್ಚಳವಿಲ್ಲದ ಪಂಪಿನ ಬಾಯಿಯೊಳಗೆ ನಾಣ್ಯವೋ ಅಡಿಕೆ ಚೂರೋ ಸೇರಿಕೊಂಡು, ಎಳೆದ ಉಸಿರಿನ ಜೊತೆ ಶ್ವಾಸನಾಳಕ್ಕೆ ಹೋದ ಪ್ರಕರಣಗಳಿವೆ. ಒತ್ತುವ ಮೊದಲು ಒಮ್ಮೆ ಒಳಗೆ ನೋಡಿ. 30 ಡಿಗ್ರಿಗಿಂತ ತಣ್ಣಗೆ ಇಡಬೇಕೆಂದು ಡಬ್ಬಿಯ ಮೇಲಿರುತ್ತದೆ. ನಮ್ಮ ಬೇಸಿಗೆಯಲ್ಲಿ ಮನೆಯ ಒಳಕೋಣೆ, ನೀರಿನ ಗಡಿಗೆಯ ಪಕ್ಕದ ಗೂಡು ವಾಸಿ. ಬಿಸಿಲಿಗೆ ನಿಂತ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ, ಬಸ್ಸಿನ ಕಿಟಕಿಯ ಬದಿ ಬೇಡ. ಒಳಗೆ ಒತ್ತಡದಲ್ಲಿ ಅನಿಲವಿದೆ, ಖಾಲಿಯಾದದ್ದನ್ನೂ ಒಲೆಗೆ ಹಾಕಬಾರದು. ತಂದೆಯವರು ಪುಡಿ ತುಂಬಿದ ರೋಟಾಕ್ಯಾಪ್ ಬಳಸುತ್ತಿದ್ದರೆ, ಗುಳಿಗೆಗಳನ್ನು ಮೊದಲೇ ಬಿಡಿಸಿ ಜೇಬಿಗೆ ಹಾಕಿಕೊಳ್ಳುವುದು ಬೇಡ, ಬೆವರಿಗೆ ಪುಡಿ ಗಂಟುಕಟ್ಟುತ್ತದೆ. ಎರಡು ಬಗೆಯ ಪಂಪ್ ಕೊಟ್ಟಿದ್ದರೆ ಯಾವುದು ದಿನವೂ, ಯಾವುದು ದಮ್ಮು ಏರಿದಾಗ ಎಂದು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ. ದಿನದ ಪಂಪಿನಲ್ಲಿ ಸ್ಟಿರಾಯ್ಡ್ ಇದ್ದರೆ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಕಟ್ಟುತ್ತದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವರು ಪಂಪ್ ಎಳೆಯುವುದನ್ನು ವೈದ್ಯರ ಎದುರೇ ಮಾಡಿ ತೋರಿಸಲಿ. ಬೀಡಿ ಇನ್ನೂ ನಡೆದಿದ್ದರೆ ಮೇಲಿನ ಸಹಾಯವಾಣಿ ಅವರಿಗೂ ಇದೆ.