ಸೂಕ್ಷ್ಮಜೀವಿ ಮಾಡುವ ಸಾಬೂನೂ ನಮ್ಮ ಮಹಾಳಿಯೂ

ಆಟಿ ತಿಂಗಳ ಮಳೆ ಬಿಡದೆ ಸುರಿಯುವಾಗ ಎಳೆ ಅಡಿಕೆ ಉದುರತೊಡಗಿದರೆ ಮನೆಯ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ. ಮಕ್ಕಳ ಫೀಸು, ಬ್ಯಾಂಕಿನ ಸಾಲ, ಎಲ್ಲವೂ ಆ ಗೊನೆಯನ್ನೇ ನಂಬಿಕೊಂಡಿರುತ್ತವೆ. ಈ ಮಹಾಳಿಗೆ, ಅಂದರೆ ಕೊಳೆರೋಗಕ್ಕೆ, ಕಾರಣ ಫೈಟಾಫ್ಥೊರಾ ಎಂಬ ಶಿಲೀಂಧ್ರದಂತಹ ಜೀವಿ. ಕಾಳುಮೆಣಸಿನ ಬಳ್ಳಿ ದಿಢೀರನೆ ಸೊರಗುವುದೂ ಇದೇ ಬಳಗದ ಕೆಲಸ. ಈ ಶತ್ರುವಿಗೂ ಒಂದು ದುರ್ಬಲ ಗಳಿಗೆಯಿದೆ. ಅದನ್ನು ನಾವು ತಿಳಿದಿರಬೇಕು.

ಫೈಟಾಫ್ಥೊರಾ ಮಳೆನೀರಿನಲ್ಲಿ ಈಜುವ ಬೀಜಾಣುಗಳನ್ನು ಬಿಡುತ್ತದೆ. ಅವಕ್ಕೆ ಎರಡು ಬಾಲಗಳಿವೆ, ಆದರೆ ಹೊರಗೋಡೆಯಿಲ್ಲ. ಕೊಬ್ಬಿನಂಶದ ತೆಳು ಪೊರೆಯೊಂದೇ ಅವುಗಳ ರಕ್ಷಣೆ. ಕಾಯಿಗೆ ಅಂಟಿಕೊಂಡು ಗೋಡೆ ಕಟ್ಟಿಕೊಂಡ ಮೇಲೆ ಅವು ಗಟ್ಟಿಗರು.

ಅಂಟುವಾಳಕಾಯಿ ನೊರೆ ಬಂದು ಜಿಡ್ಡು ತೆಗೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಅದರಲ್ಲಿರುವ ವಸ್ತುವಿನ ಒಂದು ಭಾಗ ನೀರಿಗೆ ಒಲಿಯುವ ಸಕ್ಕರೆ, ಇನ್ನೊಂದು ಭಾಗ ಎಣ್ಣೆಗೆ ಒಲಿಯುವಂಥದು. ಕೆಲವು ಸೂಕ್ಷ್ಮಜೀವಿಗಳೂ ಇಂತಹ ಸಾಬೂನನ್ನು ತಯಾರಿಸುತ್ತವೆ. ಇವನ್ನು ಗ್ಲೈಕೊಲಿಪಿಡ್ ಎನ್ನುತ್ತಾರೆ. ಸೂಡೊಮೊನಾಸ್ ಎರುಜಿನೋಸ ಎಂಬ ಬ್ಯಾಕ್ಟೀರಿಯದಿಂದ ಬರುವ ರಾಮ್ನೋಲಿಪಿಡ್ ಅವುಗಳಲ್ಲಿ ಒಂದು. ಇದರ ಕೊಬ್ಬಿನ ತುದಿ ಬೀಜಾಣುವಿನ ಪೊರೆಯೊಳಗೆ ನುಗ್ಗಿ ಅದನ್ನು ಒಡೆಯುತ್ತದೆ.

1997ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಸ್ಟಾಂಘೆಲ್ಲಿನಿ ಮತ್ತು ಮಿಲ್ಲರ್ ಪ್ರಕಟಿಸಿದ ಫಲಿತಾಂಶ ಗಮನಾರ್ಹ. ಲೀಟರು ನೀರಿಗೆ 5ರಿಂದ 30 ಮಿಲಿಗ್ರಾಂ ರಾಮ್ನೋಲಿಪಿಡ್ ಇದ್ದಾಗ ಈಜುವ ಬೀಜಾಣುಗಳು ಒಂದು ನಿಮಿಷದೊಳಗೆ ಒಡೆದುಹೋದವು. ನೂರು ಲೀಟರಿಗೆ ಲೆಕ್ಕ ಹಾಕಿದರೆ ಹೆಚ್ಚೆಂದರೆ 3 ಗ್ರಾಂ! 2004ರಲ್ಲಿ ಅಮೆರಿಕದಲ್ಲಿ ಇದು ಸಸ್ಯರೋಗದ ಮದ್ದಾಗಿ ನೋಂದಣಿಯಾಯಿತು.

ಹಾಗಾದರೆ ಮೈಲುತುತ್ತನ್ನು ಬಿಟ್ಟುಬಿಡೋಣವೇ? ಬೇಡ. ರಾಮ್ನೋಲಿಪಿಡ್ ಮಣ್ಣಿನಲ್ಲಿ ಬೇಗ ಕರಗಿ ಹೋಗುತ್ತದೆ. ಮಣ್ಣಿಗೆ ಇದು ಒಳ್ಳೆಯದೇ. ಆದರೆ ತಿಂಗಳುಗಟ್ಟಲೆ ಕಾಯಿಗೆ ಕಾವಲು ನಿಲ್ಲಲು ಇದಕ್ಕಾಗದು. ಗೋಡೆ ಕಟ್ಟಿಕೊಂಡ ಬೀಜಾಣುವಿನ ಮೇಲೆ ಇದರ ಆಟ ಅಷ್ಟಾಗಿ ನಡೆಯದು. ಬೋರ್ಡೋ ದ್ರಾವಣವಾದರೋ ಕಾಯಿಯ ಮೇಲೆ ಅಂಟಿ ನಿಂತು ಬೀಜಾಣು ಬರುವುದನ್ನೇ ಕಾಯುತ್ತದೆ.

ಇನ್ನು ಆರೋಗ್ಯದ ಮಾತು. ಸೂಡೊಮೊನಾಸ್ ಎರುಜಿನೋಸ ಸಾಧು ಜೀವಿಯಲ್ಲ. ಸುಟ್ಟಗಾಯ, ಕಣ್ಣಿನ ಗಾಯ, ನಿತ್ರಾಣದ ರೋಗಿಯ ಶ್ವಾಸಕೋಶ ಇವುಗಳಲ್ಲಿ ಬೇರೂರಿದರೆ ಹಲವು ಆಂಟಿಬಯಾಟಿಕ್‌ಗಳಿಗೂ ಜಗ್ಗುವುದಿಲ್ಲ. ಆದುದರಿಂದ ಯಾರಾದರೂ ಇದನ್ನು ಡ್ರಮ್ಮಿನಲ್ಲಿ ಬೆಳೆಸಿ ಮದ್ದು ಮಾಡೋಣವೆಂದರೆ ಒಪ್ಪಬೇಡಿರಿ. ಮೆಣಸಿನ ಬುಡಕ್ಕೆ ನಾವು ಹಾಕುವ ಪುಡಿ ಸೂಡೊಮೊನಾಸ್ ಫ್ಲೋರೆಸೆನ್ಸ್. ಅದು ಬೇರೆ ಜಾತಿ. ಚೀಲದ ಮೇಲಿನ ಹೆಸರನ್ನು ಪೂರ್ತಿ ಓದಿರಿ.

ನಾವು ಮಾಡಬೇಕಾದುದು:

1. ಮಳೆಗಾಲ ಹಿಡಿಯುವ ಮೊದಲೇ ಶೇಕಡಾ 1ರ ಬೋರ್ಡೋ ದ್ರಾವಣ ಬಿಡಿರಿ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರು ನೀರು. 40ರಿಂದ 45 ದಿನಗಳ ಬಳಿಕ ಮತ್ತೊಮ್ಮೆ.

2. ಕಣಿಗಳನ್ನು ಬಿಡಿಸಿ ನೀರು ಹರಿಯಗೊಡಿರಿ. ನೀರು ನಿಂತಲ್ಲಿ ಬೀಜಾಣುವಿಗೆ ಈಜುಕೊಳ.

3. ಉದುರಿದ ಕಾಯಿ, ರೋಗ ತಗಲಿದ ಗೊನೆಗಳನ್ನು ತೋಟದಿಂದ ಹೊರಗೆ ಸಾಗಿಸಿ ನಾಶಮಾಡಿರಿ.

4. ಸೂಡೊಮೊನಾಸ್ ಪುಡಿಯನ್ನು ಬೋರ್ಡೋ ದ್ರಾವಣದೊಡನೆ ಬೆರೆಸಬೇಡಿರಿ. ತಾಮ್ರ ಅದನ್ನು ಕೊಲ್ಲುತ್ತದೆ. ಎರಡರ ನಡುವೆ ಕನಿಷ್ಠ ಎರಡು ವಾರ ಅಂತರವಿರಲಿ.

ಹೊಸ ಮದ್ದು ನಮ್ಮ ಅಂಗಡಿಗೂ ಬಂದೀತು. ಆದರೆ ಬೀಜಾಣು ಈಜುವ ಗಳಿಗೆ ತಪ್ಪಿದರೆ ಹಳೆಯದೂ ಹೊಸದೂ ಎರಡೂ ವ್ಯರ್ಥ. ಗೊನೆ ಉದುರಿದ ಮೇಲೆ ದೋಟಿ ಹಿಡಿದು ಓಡುವುದಕ್ಕಿಂತ, ಮೋಡ ಕಟ್ಟುವ ಮೊದಲೇ ತೋಟಕ್ಕೊಂದು ಸುತ್ತು ಬರೋಣ.