ಕಾಸ್ ಪಠಾರದ ಕುಸುಮಸಂಪತ್ತು ಮತ್ತು ನಮ್ಮ ಕರ್ತವ್ಯ

ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನಮ್ಮ ಶಾಲೆಯ ಶೈಕ್ಷಣಿಕ ಪ್ರವಾಸಗಳ ಕೆಲವು ಭಾವಚಿತ್ರಗಳನ್ನು ನನ್ನಿಂದ ಅಪೇಕ್ಷಿಸಿದರು. ಹಳೆಯ ಕಡತವನ್ನು ಬಿಚ್ಚಿದಾಗ, 2011ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಸಾತಾರೆಯ ಸಮೀಪದ ಕಾಸ್ ಪಠಾರದಲ್ಲಿ ತೆಗೆಯಿಸಿದ ಚಿತ್ರವೊಂದು ಕೈಗೆ ಬಂದಿತು. ಒಂಬತ್ತನೆಯ ಇಯತ್ತೆಯ ನಲವತ್ತೆರಡು ಮಕ್ಕಳು ಮೂರು ಸಾಲುಗಳಲ್ಲಿದ್ದಾರೆ. ಬದಿಗೆ ನಾನು ನಿಂತಿದ್ದೇನೆ. ಇಷ್ಟು ವರ್ಷಗಳ ಕಾಲ ಈ ಚಿತ್ರದಲ್ಲಿ ನಾನು ಮುಖಗಳನ್ನೇ ನೋಡುತ್ತಿದ್ದೆ. ಈ ಸಲ ಏಕೋ ದೃಷ್ಟಿಯು ಕಾಲುಗಳ ಕಡೆಗೆ ಹೋಯಿತು. ಮಕ್ಕಳು ಕುಳಿತದ್ದೂ ನಿಂತದ್ದೂ ನೇರಳೆ ಬಣ್ಣದ ಕಿರುಹೂಗಳ ಹಾಸಿನ ಮೇಲೆ. ಅಲ್ಲಿ ಕುಳ್ಳಿರಿಸಿದವನು ನಾನೇ. "ಇನ್ನೂ ಸ್ವಲ್ಪ ಒಳಗೆ ಸರಿಯಿರಿ, ಚಿತ್ರದಲ್ಲಿ ಹೂ ಚೆನ್ನಾಗಿ ಬರಲಿ" ಎಂದು ಹೇಳಿದ ಮಾತು ಇಂದಿಗೂ ನೆನಪಿದೆ.

ಚಿತ್ರ ತೆಗೆಸಿಯಾದ ಮೇಲೆ, ಅಲ್ಲಿ ದನ ಕಾಯುತ್ತಿದ್ದ ವೃದ್ಧರೊಬ್ಬರನ್ನು ಆ ಹೂವಿನ ಹೆಸರೇನೆಂದು ಕೇಳಿದೆ. "ಸೀತೇಚೀ ಆಸವಂ" ಎಂದರು. ಸೀತೆಯ ಕಣ್ಣೀರು ಎಂದು ಅದರ ಅರ್ಥ. ಹೆಸರಿನ ಸೊಗಸನ್ನು ಮೆಚ್ಚಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆನೇ ಹೊರತು, ಮಾಡಿದ ತಪ್ಪಿನ ಅರಿವು ಆಗ ಮೂಡಲಿಲ್ಲ. ಆದುದರಿಂದ ಆ ಭಾವಚಿತ್ರವನ್ನು ಸಂಪಾದಕರಿಗೆ ಕೊಡದೆ, ಅದಕ್ಕೆ ಪ್ರತಿಯಾಗಿ ಈ ಲೇಖನವನ್ನು ಒಪ್ಪಿಸುತ್ತಿದ್ದೇನೆ.

ಸ್ಥಳಪರಿಚಯ

ಬೆಳಗಾವಿಯಿಂದ ಕೊಲ್ಲಾಪುರದ ಮಾರ್ಗವಾಗಿ ಉತ್ತರಕ್ಕೆ ಸಾಗಿದರೆ ಸಾತಾರಾ ಪಟ್ಟಣ ದೊರೆಯುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ ಹರಡಿಕೊಂಡಿರುವ ಕಲ್ಲುಬಯಲೇ ಕಾಸ್ ಪಠಾರ. ಅಲ್ಲಿ ಬೆಳೆಯುವ 'ಕಾಸಾ' ಎಂಬ ಮರದಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಆ ಮರವು ರುದ್ರಾಕ್ಷಿಯ ಕುಲಕ್ಕೇ ಸೇರಿದುದೆಂಬುದು ನಮ್ಮ ವಾಚಕರಿಗೆ ಸಂತೋಷದ ಸಂಗತಿಯಾದೀತು. 850ಕ್ಕೂ ಮಿಕ್ಕಿದ ಹೂಬಿಡುವ ಸಸ್ಯಜಾತಿಗಳು ಇಲ್ಲಿವೆಯೆಂದು ಸಸ್ಯಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಕರ್ನಾಟಕದವು ಹತ್ತು, ಮಹಾರಾಷ್ಟ್ರದವು ನಾಲ್ಕು. ಆ ನಾಲ್ಕರಲ್ಲಿ ಕಾಸ್ ಒಂದು.

ಪಠಾರದ ಮಗ್ಗುಲಿನ ಕಾಸ್ ಕೆರೆಯ ನೀರು ಸಾತಾರಾ ಪಟ್ಟಣದ ದಾಹವನ್ನು ತಣಿಸುತ್ತದೆ. ಈ ಭಾಗದ ಮಳೆನೀರು ಉರ್ಮೋಡಿ ನದಿಯ ಮೂಲಕ ಕೃಷ್ಣೆಯನ್ನು ಕೂಡುತ್ತದೆ. ಚಿಕ್ಕೋಡಿ, ಅಥಣಿ, ಜಮಖಂಡಿಗಳ ಕಬ್ಬಿನ ಗದ್ದೆಗಳಿಗೆ ಹರಿದು ಬರುವ ಕೃಷ್ಣೆಯಲ್ಲಿ ಆ ಕಲ್ಲುಬಯಲಿನ ಹನಿಗಳೂ ಇವೆ. ಕಾಸ್ ಪಠಾರವು ಪರರ ನಾಡಿನ ವಿಷಯವೆಂದು ನಾವು ಸುಮ್ಮನಿರಲಾಗದು.

ಕಲ್ಲಿನ ಮೇಲಣ ಬಾಳು

ಇಲ್ಲಿ ಕರಿಗಲ್ಲಿನ ಮೇಲೆ ಜಂಬಿಟ್ಟಿಗೆಯ ಹೊದಿಕೆಯಿದೆ. ಅದರ ಮೇಲೆ ಅನೇಕ ಕಡೆಗಳಲ್ಲಿ ಕೆಲವೇ ಅಂಗುಲಗಳಷ್ಟು ಮಣ್ಣು. ಬೇಸಗೆಯಲ್ಲಿ ಹೋದವನಿಗೆ ಕಾಣುವುದು ಕಾದ ಕಲ್ಲು, ಒಣಗಿದ ಹುಲ್ಲು. ಜೂನ್ ತಿಂಗಳಲ್ಲಿ ಮುಂಗಾರು ಇಳಿದೊಡನೆ ಅದೇ ಕಲ್ಲು ಜೌಗಾಗುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ವಿಶೇಷವಾಗಿ ಸೆಪ್ಟೆಂಬರಿನಲ್ಲಿ, ವಾರ ವಾರಕ್ಕೂ ಬಯಲಿನ ಬಣ್ಣ ಬದಲಾಗುತ್ತದೆ. ನಮ್ಮ ಹಿತ್ತಿಲಿನ ಕರ್ಣಕುಂಡಲದ ಬಳಗಕ್ಕೆ ಸೇರಿದ 'ತೇರಡಾ' ಗುಲಾಬಿ ಬಣ್ಣವನ್ನು ಹಾಸಿದರೆ, ಸೇವಂತಿಗೆಯ ಕುಟುಂಬದ 'ಸೋನಕೀ' ಹಳದಿಯನ್ನು ಹರಡುತ್ತದೆ. ನೀರು ನಿಂತ ಕಲ್ಲುಗುಂಡಿಗಳಲ್ಲಿ 'ವಾಯತುರಾ' ಎಂಬ ಅಪೂರ್ವ ಜಲಸಸ್ಯ ತಲೆಯೆತ್ತುತ್ತದೆ. ಅದರ ವೈಜ್ಞಾನಿಕ ನಾಮದಲ್ಲಿ ಸಾತಾರೆಯ ಹೆಸರೇ ಸೇರಿದೆ. ಬುಟ್ಟಿ ಕವುಚಿದಂತೆ ಕಾಣುವ 'ಟೋಪಲೀ ಕಾರವೀ' ಪೊದೆಯು ಏಳು ವರ್ಷಗಳಿಗೊಮ್ಮೆ ಮಾತ್ರ ಸಾಮೂಹಿಕವಾಗಿ ಅರಳುತ್ತದೆ.

ಸೀತೆಯ ಕಣ್ಣೀರೆಂಬ ಆ ಕಿರುಗಿಡದ ಬಾಳಂತೂ ವಿಸ್ಮಯಕರ. ಬಡ ಮಣ್ಣಿನಲ್ಲಿ ಸಾರಜನಕ ಸಾಲದಾದುದರಿಂದ, ಹಸಿ ಮಣ್ಣಿನೊಳಗೆ ಸಾಸಿವೆಗಿಂತಲೂ ಸಣ್ಣ ಚೀಲಗಳನ್ನು ಇಳಿಬಿಟ್ಟು, ಅವುಗಳಲ್ಲಿ ಸೂಕ್ಷ್ಮ ಜೀವಿಗಳನ್ನು ಹಿಡಿದು ಅದು ಪೋಷಣೆ ಪಡೆಯುತ್ತದೆ. ಅದರ ನೆರೆಯಲ್ಲಿಯೇ 'ದವಬಿಂದು', ಎಂದರೆ ಇಬ್ಬನಿಯ ಹನಿ, ಎಂಬ ಇನ್ನೊಂದು ಗಿಡವಿದೆ. ಎಲೆಯ ರೋಮಗಳ ತುದಿಯಲ್ಲಿ ಅಂಟುಹನಿಗಳನ್ನು ಧರಿಸಿ ಅದು ಕೀಟಗಳನ್ನು ಹಿಡಿಯುತ್ತದೆ. ನಾವು ಭಾವಚಿತ್ರಕ್ಕಾಗಿ ಕುಳಿತ ನೆಲದ ಕೆಳಗೆ ಇಷ್ಟೊಂದು ಸಂಸಾರ ನಡೆದಿತ್ತೆಂದು ಯಾರಿಗೆ ಗೊತ್ತಿತ್ತು!

ಜನಸಮ್ಮರ್ದದ ಪರಿಣಾಮ

ವಿಶ್ವ ಪರಂಪರೆಯ ಮನ್ನಣೆ ದೊರೆತ ಮೇಲೆ ಕಾಸ್‌ನ ಕೀರ್ತಿ ದೇಶದಲ್ಲೆಲ್ಲ ಹಬ್ಬಿತು. ಪುಣೆ, ಮುಂಬಯಿಗಳಿಂದಲೂ ನಮ್ಮ ಬೆಳಗಾವಿ, ಹುಬ್ಬಳ್ಳಿಗಳಿಂದಲೂ ಶನಿವಾರ ಭಾನುವಾರಗಳಂದು ವಾಹನಗಳ ಸಾಲು ನಿಲ್ಲತೊಡಗಿತು. ಬಂದವರಾರೂ ಕೇಡು ಬಯಸಿ ಬಂದವರಲ್ಲ. ಹೂವಿನ ಮೇಲಣ ಪ್ರೀತಿಯಿಂದಲೇ ಬಂದವರು. ಆದರೆ ಪ್ರೀತಿಯ ಪಾದಕ್ಕೂ ಭಾರವಿದೆ.

ಒಂದು ಪಾದ ಮಾಡುವ ಹಾನಿಯನ್ನು ವಿವರವಾಗಿ ನೋಡೋಣ. ಮಳೆಯಲ್ಲಿ ನೆನೆದ ತೆಳುಮಣ್ಣನ್ನು ತುಳಿದರೆ ಅದರೊಳಗಿನ ಗಾಳಿ ಹೊರಟುಹೋಗಿ ಮಣ್ಣು ಗಟ್ಟಿಯಾಗುತ್ತದೆ; ನೀರು ಇಂಗದೆ ಹರಿದು, ಇದ್ದ ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಇಲ್ಲಿಯ ಗಿಡಗಳಲ್ಲಿ ಬಹುಪಾಲು ಒಂದೇ ಮಳೆಗಾಲ ಬದುಕುವಂಥವು. ಮಳೆ ಮುಗಿಯುವುದರೊಳಗೆ ಹೂವಾಗಿ, ಕಾಯಾಗಿ, ಬೀಜ ಉದುರಿಸಿದರೆ ಮಾತ್ರ ಅವುಗಳಿಗೆ ಮರುವರ್ಷದ ಸಂತತಿ. ಹೂಬಿಟ್ಟ ವಾರದಲ್ಲಿ ತುಳಿತಕ್ಕೆ ಸಿಕ್ಕ ಗಿಡವು ಬೀಜ ಬಿಡದೆಯೇ ಅಳಿಯುತ್ತದೆ. ನಾವು ತುಳಿದದ್ದು ಆ ವರ್ಷದ ಹೂವನ್ನಾದರೂ, ಕಳೆದುಹೋಗುವುದು ಬರುವ ವರ್ಷದ ಹೂವು. ಇದರ ಜೊತೆಗೆ ಬಂಡೆಯ ಮೇಲೆಯೇ ವಾಹನ ನಿಲ್ಲಿಸುವುದು, ಪ್ಲಾಸ್ಟಿಕ್ ಎಸೆಯುವುದು, ಪಾದರಕ್ಷೆಗಳಿಗೆ ಅಂಟಿದ ಪರಸ್ಥಳದ ಕಳೆಬೀಜಗಳನ್ನು ತಂದು ಉದುರಿಸುವುದು, ಸುತ್ತಲೂ ಹೋಟೆಲು ವಸತಿಗೃಹಗಳನ್ನು ಎಬ್ಬಿಸುವುದು, ಇವೆಲ್ಲ ಸೇರಿ ಹಾನಿಯನ್ನು ಇಮ್ಮಡಿಸುತ್ತವೆ.

ಬೇಲಿ ಕಲಿಸಿದ ಪಾಠ

ಈ ಹಾನಿಯನ್ನು ತಡೆಯಲು ಅರಣ್ಯ ಇಲಾಖೆಯೂ ಕಾಸ್, ಏಕೀವ, ಆಟಾಳಿ, ಕಾಸಾಣಿ ಮೊದಲಾದ ಗ್ರಾಮಗಳ ಜನರೂ ಕೂಡಿ ಸಮಿತಿಯ ಮೂಲಕ ವ್ಯವಸ್ಥೆ ಮಾಡಿದರು. ಪ್ರವೇಶಧನ, ಮುಂಗಡ ನೋಂದಣಿ, ದಿನಕ್ಕೆ 3,000 ಜನರೆಂಬ ಮಿತಿ, ಕಾವಲಿಗೆ ಗ್ರಾಮದ ತರುಣರು: ಇವೆಲ್ಲ ಶ್ಲಾಘನೀಯ ಕ್ರಮಗಳು. ಹೂವಿನಿಂದ ಬಂದ ಹಣದ ಒಂದು ಪಾಲು ಹೂವಿನ ನೆರೆಯವರಿಗೂ ಸಲ್ಲುವುದು ನ್ಯಾಯವೇ ಸರಿ.

ಆದರೆ ಇನ್ನೊಂದು ಕ್ರಮವು ಅನಿರೀಕ್ಷಿತ ಫಲವನ್ನು ಕೊಟ್ಟಿತು. ಜನರನ್ನು ತಡೆಯಲೆಂದು ಪಠಾರಕ್ಕೆ ತಂತಿಯ ಬೇಲಿ ಹಾಕಲಾಯಿತು. ಬೇಲಿಯು ಜನರೊಂದಿಗೆ ದನಗಳನ್ನೂ ತಡೆಯಿತು. ತಲೆಮಾರುಗಳಿಂದ ಅಲ್ಲಿ ಮೇಯುತ್ತಿದ್ದ ದನಗಳು ಎತ್ತರದ ಹುಲ್ಲನ್ನು ತಿಂದು, ಗೇಣುದ್ದದ ಗಿಡಗಳಿಗೆ ಬಿಸಿಲು ತಲಪುವಂತೆ ಮಾಡುತ್ತಿದ್ದವು. ಮೇಯಿಸುವುದು ನಿಂತಾಗ ಹುಲ್ಲು ಮೇಲಾಗಿ ಕಿರುಹೂಗಳು ಹಿಂದೆ ಬೀಳುತ್ತಿವೆಯೆಂದು ತಜ್ಞರೂ ಗ್ರಾಮಸ್ಥರೂ ಎಚ್ಚರಿಸಿದರು. ಕಡೆಗೆ ಆ ಬೇಲಿಯನ್ನು ತೆಗೆಯಲಾಯಿತು. ಹಿಮಾಲಯದಲ್ಲಿ 1982ರಲ್ಲಿ ರಾಷ್ಟ್ರೀಯ ಉದ್ಯಾನವಾದ ಪುಷ್ಪ ಕಣಿವೆಯಲ್ಲಿಯೂ, ಕುರಿ ಮೇಯಿಸುವುದು ನಿಂತ ಮೇಲೆ ಆಳೆತ್ತರದ ಒಂದು ಜಾತಿಯ ಗಿಡ ಹಬ್ಬಿ ಸಣ್ಣ ಹೂಗಳನ್ನು ಮುಚ್ಚಿದ ವಿಷಯ ಬಹಳ ಚರ್ಚೆಗೆ ಬಂದಿತ್ತು. ಮಿತಿಮೀರಿದ ಮೇವೂ ಕೇಡೇ ಎಂಬುದರಲ್ಲಿ ಸಂದೇಹವಿಲ್ಲ. ಆದರೂ ಅಂದು ನನಗೆ ಹೂವಿನ ಹೆಸರು ಹೇಳಿದ ಆ ದನಗಾಹಿ ವೃದ್ಧರು ಪಠಾರಕ್ಕೆ ಹೊರಗಿನವರಾಗಿರಲಿಲ್ಲ, ಹೊರಗಿನವನು ನಾನು.

ಇದರಿಂದ ತಿಳಿಯುವುದಿಷ್ಟು. ಹೂವನ್ನು ಕಾಯುವುದೆಂದರೆ ಹೂವಿಲ್ಲದ ದಿನಗಳಲ್ಲಿ ನೆಲವನ್ನು ಕಾಯುವುದು. ಪ್ರವಾಸಿಗನು ಮೂರು ತಿಂಗಳ ಬಣ್ಣವನ್ನು ನೋಡುತ್ತಾನೆ. ಒಂಬತ್ತು ತಿಂಗಳ ಒಣಕಲ್ಲು, ಹುಲ್ಲು, ದನ, ಮಣ್ಣಿನಲ್ಲಿ ಮಲಗಿದ ಬೀಜ, ಇವು ಅವನ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ನಾಡಿನಲ್ಲಿ

ಈ ಮಾತು ನಮ್ಮ ನಾಡಿಗೂ ಅನ್ವಯಿಸುತ್ತದೆ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ನೀಲಕುರಿಂಜಿ ಅರಳಿದಾಗ ಜನಸಾಗರವೇ ಹರಿದು ಬಂದಿತು. ಹನ್ನೆರಡು ವರ್ಷಗಳಿಗೊಮ್ಮೆ ಹೂಬಿಡುವ ಈ ಪೊದೆಯು ಒಮ್ಮೆ ಹೂಬಿಟ್ಟು, ಬೀಜ ಕಟ್ಟಿ, ಅನಂತರ ಸಾಯುತ್ತದೆ. ಕೊಂಬೆ ಮುರಿದುಕೊಂಡು ಹೋದವರು ಹನ್ನೆರಡು ವರ್ಷಗಳ ತಪಸ್ಸಿನ ಫಲವನ್ನೇ ಕೊಂಡುಹೋದಂತಾಯಿತು. ಈ ಗಿಡವು ಈಗ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿದೆ. 2024ರಲ್ಲಿ ಇದನ್ನು ಅಪಾಯಕ್ಕೆ ಈಡಾಗಬಲ್ಲ ಜಾತಿಯೆಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಸೇರಿಸಿದ್ದಾರೆ. 2025ರ ಸೆಪ್ಟೆಂಬರಿನಿಂದ ಮುಳ್ಳಯ್ಯನಗಿರಿ ಮೊದಲಾದೆಡೆಗಳಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತವು ಮಿತಿಯನ್ನೂ ಮುಂಗಡ ನೋಂದಣಿಯನ್ನೂ ವಿಧಿಸಿದ್ದು ಸ್ವಾಗತಾರ್ಹ.

ಭಾಷೆಯ ಅಧ್ಯಾಪಕನಾಗಿ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಕಲ್ಲುಬಯಲಿಗೆ ನಮ್ಮ ಕಂದಾಯ ದಾಖಲೆಗಳಲ್ಲಿ 'ಖರಾಬು' ಎಂದು ಹೆಸರು. ಖರಾಬು ಎಂದರೆ ಕೆಟ್ಟದ್ದು, ಉಪಯೋಗಕ್ಕೆ ಬಾರದ್ದು. ಕರಾವಳಿಯವರು ಇಂಥ ಜಂಬಿಟ್ಟಿಗೆಯ ಬಯಲನ್ನು 'ಪದವು' ಎನ್ನುತ್ತಾರೆ. ಕೊಂಕಣದವರು 'ಸಡಾ' ಎನ್ನುತ್ತಾರೆ. ಈ ಹೆಸರುಗಳಲ್ಲಿ ನಿಂದೆಯಿಲ್ಲ. ಒಂದು ನೆಲವನ್ನು ಖರಾಬು ಎಂದು ಕರೆದ ಮೇಲೆ ಅದನ್ನು ಅಗೆಯುವುದಕ್ಕೂ, ಅಲ್ಲಿ ಕಸ ಸುರಿಯುವುದಕ್ಕೂ, ಗಾಡಿ ನಿಲ್ಲಿಸುವುದಕ್ಕೂ ಯಾರ ಮನಸ್ಸೂ ಅಳುಕುವುದಿಲ್ಲ.

ಶಾಲೆಗಳ ಕರ್ತವ್ಯ

ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿಗಳು ಕೆಲವೇ. ಪುಷ್ಪಸ್ಥಳಗಳಿಗೆ ಮಕ್ಕಳನ್ನು ಕರೆದೊಯ್ಯುವುದಾದರೆ ರಜಾದಿನಗಳನ್ನು ಬಿಟ್ಟು, ಚಿಕ್ಕ ತಂಡಗಳಲ್ಲಿ ಕರೆದೊಯ್ಯಿರಿ. ಹಾದಿಯಿಂದ ಒಂದು ಹೆಜ್ಜೆಯೂ ಆಚೆಗೆ ಇಡಗೊಡದಿರಿ. ಭಾವಚಿತ್ರವನ್ನು ರಸ್ತೆಯ ಮೇಲೆಯೇ ತೆಗೆಯಿಸಿರಿ. ಹೂವು ದೂರದಲ್ಲಿ ಕಂಡರೆ ಸಾಕು. ಬುತ್ತಿಯನ್ನು ಪಠಾರದಿಂದ ಇಳಿದ ಮೇಲೆಯೇ ಬಿಚ್ಚಿರಿ. ಸಾಧ್ಯವಾದರೆ ಒಮ್ಮೆ ಏಪ್ರಿಲ್ ತಿಂಗಳಿನಲ್ಲಿಯೂ ಕರೆದೊಯ್ದು ಆ ಬರಿಗಲ್ಲನ್ನು ತೋರಿಸಿರಿ. ಹೂವಿನ ಪಾಠ ಪೂರ್ಣವಾಗುವುದು ಅಲ್ಲಿ.

ಅಷ್ಟು ದೂರ ಹೋಗಲಾರದ ಶಾಲೆಗಳಿಗೂ ಇದು ಅಸಾಧ್ಯವಲ್ಲ. ಪ್ರತಿಯೊಂದು ಊರಿನ ಅಂಚಿನಲ್ಲಿಯೂ ಖರಾಬು ಎನಿಸಿಕೊಂಡ ತುಂಡು ನೆಲವಿದೆ. ಶಿವಪೂಜೆಗೆ ಒದಗುವ ತುಂಬೆ, ಎಕ್ಕೆಗಳು ಬೆಳೆಯುವುದು ಅಲ್ಲಿಯೇ. ವಿಷ್ಣುಕಾಂತಿ ಕಣ್ಣು ಬಿಡುವುದೂ ಅಲ್ಲಿಯೇ. ಒಂದು ವರ್ಷ ಪರ್ಯಂತ ಯಾವ ತಿಂಗಳಲ್ಲಿ ಯಾವ ಗಿಡ ಹೂಬಿಡುತ್ತದೆ, ಊರಿನ ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಮಕ್ಕಳು ಬರೆದಿಡಲಿ. ದಾನಿಗಳಾದ ಮಹನೀಯರು ಇಂಥ ಒಂದು ವಹಿಯನ್ನು ಅಚ್ಚು ಹಾಕಿಸಲು ನೆರವಾದರೆ, ಅದು ಕಟ್ಟಡಕ್ಕೆ ಕೊಟ್ಟ ದಾನಕ್ಕೆ ಕಡಿಮೆಯೆನಿಸದು.

ಆ ಭಾವಚಿತ್ರವನ್ನು ನಾನು ಹರಿದು ಹಾಕಿಲ್ಲ. ಇನ್ನು ಮುಂದೆ ಪ್ರತಿ ವರ್ಷ ಪ್ರವಾಸದ ಮುನ್ನಾದಿನ ಅದನ್ನು ತರಗತಿಯಲ್ಲಿ ತೋರಿಸಿ, ಇದರಲ್ಲಿ ತಪ್ಪು ಎಲ್ಲಿದೆ ಎಂದು ಕೇಳಬೇಕೆಂದಿದ್ದೇನೆ. ಅದರಲ್ಲಿರುವ ನಲವತ್ತೆರಡು ಮಂದಿ ಈಗ ಉದ್ಯೋಗಸ್ಥರು, ಸಂಸಾರಸ್ಥರು. ಸ್ವಂತ ವಾಹನದಲ್ಲಿ ಕಾಸ್‌ಗೆ ಹೋಗಬಲ್ಲವರು. ಈ ಸಂಚಿಕೆಯು ಅವರಲ್ಲಿ ಯಾರ ಕೈಗಾದರೂ ಸೇರಿದರೆ, ಅಂದು ಒಳಗೆ ಸರಿಯಿರೆಂದು ಹೇಳಿದ ಗುರುವೇ ಇಂದು ಹೊರಗೆ ನಿಲ್ಲಿರೆಂದು ಬೇಡುತ್ತಿದ್ದಾನೆಂದು ತಿಳಿಯಲಿ.