ಫೋನಿನಲ್ಲಿ ಬರುವ ಸುಂಕದವರು

ಓದಿಕೊಳ್ಳಲು: ಲೂಕ 3:10–14, ಯೊವಾನ್ನ 10:1–5



ಸ್ನಾನಿಕ ಯೊವಾನ್ನರ ಬಳಿಗೆ ಬಂದ ಜನರಲ್ಲಿ ಸುಂಕದವರೂ ಇದ್ದರು, ಸೈನಿಕರೂ ಇದ್ದರು. ಇಬ್ಬರೂ ಒಂದೇ ಪ್ರಶ್ನೆ ಕೇಳಿದರು: ನಾವು ಮಾಡಬೇಕಾದದ್ದೇನು? ಯೊವಾನ್ನರು ಸುಂಕದವರಿಗೆ ಕೆಲಸ ಬಿಟ್ಟುಬಿಡಿ ಎನ್ನಲಿಲ್ಲ. ಗೊತ್ತಾದ ಸುಂಕದ ಮೇಲೆ ತಮ್ಮ ಪಾಲು ಸೇರಿಸಿ ಕೀಳುವುದನ್ನು ಮಾತ್ರ ನಿಲ್ಲಿಸಲು ಹೇಳಿದರು. ಸೈನಿಕರಿಗೆ, ಜನರನ್ನು ಬೆದರಿಸಿ, ಸುಳ್ಳು ದೂರು ಹೊರಿಸಿ ಹಣ ಸುಲಿಯುವುದು ಬೇಡವೆಂದರು. ಇಂದು ನಮ್ಮ ಫೋನಿಗೆ ಬರುವ ಕಳ್ಳಕರೆಗಳಲ್ಲಿ ಈ ಎರಡೂ ಪಾಪಗಳು ಒಟ್ಟಿಗೆ ಇವೆ. ಒಬ್ಬ ತೆರಿಗೆ ಅಧಿಕಾರಿ ಎನ್ನುತ್ತಾನೆ. ಅವನ ಹಿಂದೆಯೇ ಇನ್ನೊಬ್ಬ ಪೊಲೀಸ್ ಎಂದು ಬರುತ್ತಾನೆ.

ಕರೆಯ ಧಾಟಿ ಹೆಚ್ಚುಕಡಿಮೆ ಹೀಗಿರುತ್ತದೆ. ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ. ನಿಮ್ಮ ಪ್ಯಾನ್ ಕಾರ್ಡಿನ ಮೇಲೆ ಲಕ್ಷಗಟ್ಟಲೆ ವ್ಯವಹಾರ ಆಗಿದೆ, ತೆರಿಗೆ ಬಾಕಿ ಇದೆ, ಇವತ್ತು ಸಂಜೆಯೊಳಗೆ ಕಟ್ಟದಿದ್ದರೆ ವಾರಂಟ್ ಬರುತ್ತದೆ ಎನ್ನುತ್ತಾರೆ. ವಾಟ್ಸಾಪಿನಲ್ಲಿ ರಾಜಮುದ್ರೆ ಇರುವ ಒಂದು ಕಾಗದವನ್ನೂ ಕಳಿಸುತ್ತಾರೆ. ಮನೆಯವರಿಗೆ ಹೇಳಬೇಡಿ, ಫೋನ್ ಇಡಬೇಡಿ ಎನ್ನುತ್ತಾರೆ. ಹೆದರಿಕೆ ನಡೆಯದ ಕಡೆ ಆಸೆ ತೋರಿಸುತ್ತಾರೆ. 2023ರಲ್ಲಿ ದೇಶದಾದ್ಯಂತ ಒಂದು ಸಂದೇಶ ಹರಿದಾಡಿತು: ನಿಮಗೆ ₹15,490 ತೆರಿಗೆ ಹಣ ವಾಪಸು ಮಂಜೂರಾಗಿದೆ, ಈ ಕೊಂಡಿ ಒತ್ತಿ ಖಾತೆ ಸಂಖ್ಯೆ ಸರಿಪಡಿಸಿ ಎಂದು. ಅದು ಸುಳ್ಳು ಎಂದು ಕೇಂದ್ರ ಸರ್ಕಾರದ ವಾರ್ತಾ ಶಾಖೆಯೇ ಪ್ರಕಟಿಸಬೇಕಾಯಿತು. ಹದಿನೈದು ಸಾವಿರದ ನಾನೂರ ತೊಂಬತ್ತು! ಸುತ್ತಿನ ಮೊತ್ತ ಹಾಕಿದ್ದರೆ ಅನುಮಾನ ಬರುತ್ತಿತ್ತೇನೋ. ಬಿಡಿ ರೂಪಾಯಿ ನೋಡಿದರೆ ಯಾರೋ ಕೂತು ಲೆಕ್ಕ ಹಾಕಿದ್ದಾರೆ ಅನ್ನಿಸುತ್ತದೆ.

ನಮ್ಮ ಗಟ್ಟು, ಗದ್ವಾಲ ಕಡೆಯವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಅದರ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯಲ್ಲಿ ನಾವು ಕನ್ನಡದವರು. ಮಕ್ಕಳ ಶಾಲೆ, ಮಂಡಲ ಕಚೇರಿ, ಪೊಲೀಸ್ ಠಾಣೆ ಎಲ್ಲ ತೆಲುಗು. ಬ್ಯಾಂಕಿನ ಕಾಗದ ಇಂಗ್ಲಿಷು. ನಮಗೆ ಅರ್ಧಂಬರ್ಧ ಅರ್ಥವಾಗುವ ಭಾಷೆಯಲ್ಲಿ ಮಾತಾಡುವವನೇ ಸರ್ಕಾರ ಎಂಬುದು ತಲೆಮಾರಿನಿಂದ ನಮ್ಮ ಮನಸ್ಸಿಗೆ ರೂಢಿಯಾಗಿದೆ. ಹಾಗಾಗಿ ಫೋನಿನಲ್ಲಿ ಯಾರಾದರೂ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಗದರಿದರೆ, ಅರ್ಥವಾಗದ ಮಾತನ್ನೂ ಅಧಿಕಾರವೆಂದು ತಿಳಿದು ‘ಹಾಂ ಸರ್, ಹಾಂ ಸರ್’ ಎನ್ನುತ್ತಾ ಹೋಗುತ್ತೇವೆ. ಪ್ರಶ್ನೆ ಕೇಳಲು ಆ ಭಾಷೆ ನಮಗೆ ಬರುವುದಿಲ್ಲ. ಅರ್ಥವಾಗಲಿಲ್ಲ ಎಂದು ಹೇಳಲು ನಾಚಿಕೆ. ಕಳ್ಳನಿಗೆ ಬೇಕಾದದ್ದೂ ಅದೇ.

ನಮ್ಮಲ್ಲಿ ಎಷ್ಟೋ ಮನೆಗಳಿಗೆ ಹತ್ತಿಬೀಜದ ದುಡ್ಡು ವರ್ಷಕ್ಕೆ ಒಂದೇ ಸಲ ಖಾತೆಗೆ ಬರುತ್ತದೆ. ಸಾಲ ತೀರಿಸುವುದು, ಮದುವೆ ಮಾಡುವುದು, ಹಾಸ್ಟೆಲ್ ಫೀಸು ಕಟ್ಟುವುದು ಎಲ್ಲವೂ ಅದರಲ್ಲೇ. ಮಕ್ಕಳು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿದ್ದಾರೆ, ಊರಿನ ಮನೆಯಲ್ಲಿ ಇರುವವರು ಇಬ್ಬರು ವಯಸ್ಸಾದವರು, ಅವರ ಕೈಯಲ್ಲಿ ಮಗ ಕೊಡಿಸಿದ ಸ್ಮಾರ್ಟ್‌ಫೋನ್. ಹೋಗುವುದು ಒಂದು ತಿಂಗಳ ಸಂಬಳವಲ್ಲ, ಇಡೀ ವರ್ಷದ ಬೆವರು.

ಆದ್ದರಿಂದ ನಿಜವಾದ ತೆರಿಗೆ ಹೇಗೆ ಬರುತ್ತದೆ ಎಂದು ತಿಳಿದಿರಬೇಕು. ಯೊವಾನ್ನರ ಮಾತಿನಲ್ಲಿ ಇರುವ ಅಳತೆಯೇ ಇಲ್ಲಿಯೂ ನಡೆಯುತ್ತದೆ: ತೆರಿಗೆ ಎಂದರೆ ಮೊದಲೇ ಗೊತ್ತುಪಡಿಸಿದ್ದು, ಬರೆದಿಟ್ಟದ್ದು. ಮೊದಲನೆಯದಾಗಿ, ಕೃಷಿ ಆದಾಯಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. ಹೊಲದ ಬೆಳೆಯೊಂದನ್ನೇ ನಂಬಿದ ಮನೆಗೆ ‘ಆದಾಯ ತೆರಿಗೆ ಬಾಕಿ’ ಎಂದು ಕರೆ ಬಂದರೆ ಅಲ್ಲಿಗೇ ಬಣ್ಣ ಬಯಲಾಯಿತು. ಎರಡನೆಯದಾಗಿ, 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ನೋಟಿಸು, ಆದೇಶಗಳಿಗೆ ಡಿನ್ ಎಂಬ ಗುರುತು ಸಂಖ್ಯೆ ಹಾಕುವ ಪದ್ಧತಿ ಬಂದಿದೆ. ಆ ಸಂಖ್ಯೆ ಇಲ್ಲದ ಪತ್ರ ಹೊರಟೇ ಇಲ್ಲ ಎಂದು ಭಾವಿಸಬೇಕು ಎಂದು ಆ ಸುತ್ತೋಲೆ ಹೇಳಿತು. ಕೇಂದ್ರ ಜಿಎಸ್‌ಟಿ ಇಲಾಖೆಯೂ ಅದೇ ವರ್ಷ ನವೆಂಬರಿನಲ್ಲಿ ಇದನ್ನು ತಂದಿತು. ಕಳ್ಳನೂ ಒಂದು ಸಂಖ್ಯೆ ಓದಿ ಹೇಳಬಹುದು, ಆದ್ದರಿಂದ ಬರೀ ಸಂಖ್ಯೆ ಸಾಲದು. ಇಲಾಖೆಯ ಇ-ಫೈಲಿಂಗ್ ತಾಣದಲ್ಲಿ ನೋಟಿಸು ಅಸಲಿಯೋ ನಕಲಿಯೋ ಎಂದು ನೋಡುವ ಸೌಲಭ್ಯವಿದೆ, ಅದಕ್ಕೆ ಲಾಗಿನ್ ಬೇಕಿಲ್ಲ. ಓದುಬಲ್ಲ ಹುಡುಗರು ಐದು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಆದರೆ ತಾಣದ ವಿಳಾಸವನ್ನು ತಾವೇ ಟೈಪ್ ಮಾಡಿ ತೆರೆಯಬೇಕು, ಕಳಿಸಿದ ಕೊಂಡಿಯನ್ನು ಒತ್ತಬಾರದು.

ಅಂಗಡಿ ಇಟ್ಟವರಿಗೆ ಹಾವೇರಿಯ ಪ್ರಸಂಗ ನೆನಪಿರಬಹುದು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ, ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದದ್ದು ಸುಮಾರು 29 ಲಕ್ಷ ರೂಪಾಯಿಯ ನೋಟಿಸು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಎಷ್ಟೋ ಅಂಗಡಿಗಳವರು ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದರು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಅವು ಅಸಲಿ ನೋಟಿಸುಗಳೇ, ಜನರ ಹೆದರಿಕೆಯೂ ಅಸಲಿಯೇ. ಆದರೂ ಗಮನಿಸಿ: ಕಾಗದ ಬಂತು, ಉತ್ತರ ಕೊಡಲು ಅವಕಾಶ ಇತ್ತು, ಹತ್ತು ಜನ ಸೇರಿ ಮಾತಾಡಿದರು, ಸಂಘದವರು ಕೇಳಿದರು, ಸರ್ಕಾರ ಉತ್ತರಿಸಿತು. ತಪ್ಪಾದ ತೆರಿಗೆಯನ್ನೂ ಹಗಲು ಬೆಳಕಿನಲ್ಲಿ ಪ್ರಶ್ನಿಸಬಹುದು. ಯಾರಿಗೂ ಹೇಳಬೇಡ ಎಂದು ಯಾವ ತೆರಿಗೆ ಕಚೇರಿಯೂ ಹೇಳುವುದಿಲ್ಲ. (ರಾಯಚೂರಿನಲ್ಲೂ ಇಲ್ಲಿಯೂ ವ್ಯಾಪಾರ ಇರುವವರಿಗೆ ಒಂದು ಮಾತು: ಸರಕು ಮಾರುವವರ ನೋಂದಣಿ ಮಿತಿಯನ್ನು 2019ರಲ್ಲಿ ಕರ್ನಾಟಕದಲ್ಲಿ 40 ಲಕ್ಷಕ್ಕೆ ಏರಿಸಿದರು, ತೆಲಂಗಾಣ 20 ಲಕ್ಷದಲ್ಲೇ ಉಳಿಯಿತು. ಸಂದೇಹವಿದ್ದರೆ ತೆರಿಗೆ ಸಲಹೆಗಾರರನ್ನು ಕೇಳಿ, ಫೋನಿನವನನ್ನಲ್ಲ.)

ಹಾಗೆಂದು ನ್ಯಾಯವಾದ ತೆರಿಗೆಯನ್ನು ತಪ್ಪಿಸಿಕೊಳ್ಳಲು ಇದು ನೆಪವಲ್ಲ. ತೆರಿಗೆ ಕಟ್ಟುವುದು ನೈತಿಕ ಕರ್ತವ್ಯ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ (2240) ಕಲಿಸುತ್ತದೆ. ಲೆಕ್ಕ ಸರಿಯಾಗಿ ಇಟ್ಟವನಿಗೆ ಫೋನಿನ ಬೆದರಿಕೆ ಅಷ್ಟಾಗಿ ನಾಟುವುದಿಲ್ಲ.

2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಇಂಥ ಒಂದು ಕರೆಯ ಮುದ್ರಿಕೆಯನ್ನೇ ದೇಶಕ್ಕೆ ಕೇಳಿಸಿದರು. ಕರೆ ಬಂದದ್ದು ನಮ್ಮ ಕನ್ನಡದವರಿಗೇ, ವಿಜಯಪುರದ ಒಬ್ಬರಿಗೆ. ಅಲ್ಲಿ ಹಾಕಿದ ವೇಷ ಪೊಲೀಸರದು. ನಿಮ್ಮ ನಂಬರಿನ ಮೇಲೆ 17 ದೂರುಗಳಿವೆ, ಈಗ ಎಲ್ಲಿದ್ದೀರಿ, ಆಧಾರ್ ಹೇಳಿ ಎಂದು ಮಾತು ಸಾಗುತ್ತದೆ. ತೆರಿಗೆಯವನ ಮಾತೂ ಇದೇ ಜಾಡಿನದು: ಮೊದಲು ವಿವರ ಕಲೆಹಾಕುವುದು, ಆಮೇಲೆ ಭಯ ಹುಟ್ಟಿಸುವುದು, ಕೊನೆಗೆ ಸಮಯವಿಲ್ಲ ಎಂದು ಅವಸರಪಡಿಸುವುದು. ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ ಎಂದು ಅಂದು ಅವರು ಸ್ಪಷ್ಟವಾಗಿ ಹೇಳಿದರು.

ಈಗ ಯೊವಾನ್ನ 10ನೇ ಅಧ್ಯಾಯಕ್ಕೆ ಬರೋಣ. ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಕುರಿಗಳು ಅವನ ದನಿಯನ್ನು ಬಲ್ಲವು, ಪರಕೀಯನ ಹಿಂದೆ ಹೋಗದೆ ಓಡಿಹೋಗುತ್ತವೆ ಎಂದು ಯೇಸುಸ್ವಾಮಿ ಹೇಳುತ್ತಾರೆ. ಇಂದಿನ ಪರಕೀಯನಿಗೆ ನಮ್ಮ ಹೆಸರೂ ಗೊತ್ತು. ಜೆರಾಕ್ಸ್ ಅಂಗಡಿಯಲ್ಲಿ, ಸಿಮ್ ಕೊಳ್ಳುವಾಗ, ಸಾಲದ ಅರ್ಜಿಯಲ್ಲಿ ಕೊಟ್ಟ ವಿವರಗಳು ಎಲ್ಲೆಲ್ಲಿಗೋ ಹೋಗಿವೆ. ಹೆಸರು, ಪ್ಯಾನ್, ಅಪ್ಪನ ಹೆಸರು ಹೇಳಿದ ಮಾತ್ರಕ್ಕೆ ನಂಬಬೇಡಿ. ದನಿಯನ್ನು ಪರೀಕ್ಷಿಸಿ. ಆ ದನಿ ನಿಮ್ಮನ್ನು ನಿಮ್ಮವರಿಂದ ಬೇರ್ಪಡಿಸುತ್ತಿದೆಯೇ? ಹಾಗಿದ್ದರೆ ಅದು ಪರಕೀಯನ ದನಿ. ಕುರಿ ಅಲ್ಲಿ ವಾದಕ್ಕೆ ನಿಲ್ಲುವುದಿಲ್ಲ, ಓಡುತ್ತದೆ.

ಹಾಗಾದರೆ ಏನು ಹೇಳಬೇಕು? ನಮ್ಮ ಭಾಷೆಯಲ್ಲೇ ಒಂದು ಮಾತು ಸಾಕು: ‘ಕಾಗದ ಕಳಿಸ್ರಿ. ನನ್ನ ಮಗ ಓದಿ ಹೇಳ್ತಾನ.’ ಅವನು ಹಿಂದಿಯಲ್ಲಿ ಕೂಗಲಿ, ಇಂಗ್ಲಿಷಿನಲ್ಲಿ ಕೂಗಲಿ, ಇದನ್ನೇ ಹೇಳಿ ಫೋನ್ ಇಡುವುದು. ಮತ್ತೆ ಬಂದರೆ ಎತ್ತಬಾರದು. ಹಿಂದಿ ಬರುವುದಿಲ್ಲ ಎಂಬುದು ಅಪರಾಧವಲ್ಲ, ಇಂಥ ಹೊತ್ತಿನಲ್ಲಿ ಒಂದು ಗೋಡೆ. ಓಟಿಪಿ ಹೇಳಬಾರದು, ಅವರು ಕಳಿಸಿದ ಎಪಿಕೆ ಫೈಲನ್ನು ಒತ್ತಬಾರದು, ಫೋನಿನ ಪರದೆ ತೋರಿಸುವ ಆಪ್ ಹಾಕಿಕೊಳ್ಳಬಾರದು. ದುಡ್ಡು ನಮ್ಮ ಖಾತೆಗೆ ಬರಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆಂದರೆ ಹಣ ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಕಿರು ಕ್ರೈಸ್ತ ಸಮುದಾಯದ ಸಭೆಯಲ್ಲಿ ಒಬ್ಬರು ಕಳ್ಳನಾಗಿ, ಇನ್ನೊಬ್ಬರು ಅಜ್ಜಿಯಾಗಿ ಇದನ್ನು ಒಮ್ಮೆ ಆಡಿ ನೋಡಿ. ನಗು ಬರುತ್ತದೆ, ಬರಲಿ. ಬಾಯಿಗೆ ರೂಢಿಯಾದ ಮಾತು ಭಯದಲ್ಲೂ ಹೊರಡುತ್ತದೆ.

ಯುವಕರಿಗೂ ಇಲ್ಲಿ ಪಾಠವಿದೆ. 2016ರ ಅಕ್ಟೋಬರಿನಲ್ಲಿ ಮುಂಬೈ ಪಕ್ಕದ ಮೀರಾ ರೋಡಿನಲ್ಲಿ ಪೊಲೀಸರು ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿ 700ಕ್ಕೂ ಹೆಚ್ಚು ಜನರನ್ನು ವಶಕ್ಕೆ ಪಡೆದರು. ಅಲ್ಲಿ ಕುಳಿತವರು ಅಮೆರಿಕದ ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು ಅಲ್ಲಿನ ಜನರನ್ನು ಬೆದರಿಸುತ್ತಿದ್ದರು. ಅವರಲ್ಲಿ ಹೆಚ್ಚಿನವರು ಕೆಲಸ ಹುಡುಕಿ ಬಂದ ಹುಡುಗ ಹುಡುಗಿಯರು. 2025ರ ಮಾರ್ಚಿನಲ್ಲಿ ಮ್ಯಾನ್ಮಾರ್ ಗಡಿಯ ವಂಚನೆ ಕೇಂದ್ರಗಳಿಂದ 540ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತಂದರು. ವಿದೇಶದಲ್ಲಿ ಕಂಪ್ಯೂಟರ್ ಕೆಲಸ ಎಂದು ನಂಬಿ ಹೋಗಿ ಸಿಕ್ಕಿಬಿದ್ದವರು. ಅವರಲ್ಲಿ ತೆಲಂಗಾಣದವರೂ ಇದ್ದರು. ಇದು ದೂರದ ಮಾತಾಯಿತು. ಹತ್ತಿರದ್ದು, ‘ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೇವೆ’ ಎನ್ನುವವರು. ಕದ್ದ ದುಡ್ಡು ಮೊದಲು ಇಳಿಯುವುದು ಅಂಥ ಖಾತೆಯಲ್ಲೇ, ಪೊಲೀಸರು ಮೊದಲು ಬರುವುದೂ ಆ ಖಾತೆಯವನ ಮನೆಗೇ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಯಾರಿಗೂ ಬಾಡಿಗೆಗೆ ಕೊಡಬೇಡಿ. ಅದೂ ಕಳ್ಳತನದಲ್ಲಿ ಪಾಲು.

ಹಣ ಹೋಗಿಯೇಬಿಟ್ಟರೆ? ಆಗ ನಿಮಿಷ ನಿಮಿಷವೂ ಮುಖ್ಯ. ಯಾವ ರಾಜ್ಯದ ಸಿಮ್ ಆದರೂ 1930ಕ್ಕೆ ಕರೆ ಮಾಡಬಹುದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರಿ ಕೈಗೆ ನಗದಾಗುವ ಮುಂಚೆ ಹೇಳಿದರೆ, ದಾರಿಯಲ್ಲಿರುವ ಬ್ಯಾಂಕು ಅದನ್ನು ತಡೆದು ಹಿಡಿಯಲು ಸಾಧ್ಯ. ಸೋಮವಾರ ಬ್ಯಾಂಕು ತೆರೆಯಲಿ, ಮಗ ಊರಿಗೆ ಬರಲಿ ಎಂದು ಕಾಯಬಾರದು.

ಕಾಯುವಂತೆ ಮಾಡುವುದು ಹೆಚ್ಚಾಗಿ ನಾಚಿಕೆ. ಮೋಸಹೋದ ಅಪ್ಪ ಮಗನಿಗೆ ಹೇಳುವುದಿಲ್ಲ, ಅವ್ವ ಸೊಸೆಗೆ ಹೇಳುವುದಿಲ್ಲ. ಮನೆಯವರ ಬೈಗುಳಕ್ಕೆ ಹೆದರಿ ಮೊದಲ ದಿನವೆಲ್ಲ ಮೌನದಲ್ಲೇ ಕಳೆದುಹೋಗುತ್ತದೆ. ಅದಕ್ಕೇ ದೂರದ ಊರಿನಲ್ಲಿರುವ ಮಕ್ಕಳಿಗೆ ಒಂದು ವಿನಂತಿ. ಇವತ್ತೇ ಮನೆಗೆ ಫೋನ್ ಮಾಡಿ ಹೇಳಿ: ‘ಅವ್ವ, ಅಂಥದ್ದೇನಾದರೂ ಆದರೆ ನಾ ಬೈಯೋದಿಲ್ಲ, ಮೊದಲು ನನಗೇ ಹೇಳು.’ ಆದಮೇಲೆ ಜೊತೆಯಲ್ಲಿ ಯಾರಾದರೂ ಠಾಣೆಗೆ ಹೋಗಿ. ಉಪದೇಶಿಯವರೋ ತೆಲುಗು ಚೆನ್ನಾಗಿ ಬರುವ ನೆರೆಯವರೋ ಬಂದರೆ ಹೇಳಿಕೆ ಬರೆಸುವುದು ಸುಲಭ. ಕರೆ ಬಂದ ನಂಬರು, ಹಣ ಹೋದ ಸಮಯ, ಬ್ಯಾಂಕಿನಿಂದ ಬಂದ ಸಂದೇಶದಲ್ಲಿರುವ ವ್ಯವಹಾರ ಸಂಖ್ಯೆ, ವಾಟ್ಸಾಪಿನ ಆ ಕಾಗದ, ಯಾವುದನ್ನೂ ಅಳಿಸದೆ ಫೋನಿನಲ್ಲಿ ಹಾಗೆಯೇ ಇಟ್ಟುಕೊಂಡು ಹೋಗಿ. ಪಾಸ್‌ಬುಕ್ ಮರೆಯಬೇಡಿ.